ಟೇಬಲ್ ಫ್ಯಾನಿನ ಮೂರು ಹಲ್ಲು

ಆರಿದ್ರಾ ಮಳೆಯ ಕೊನೆ

ಮಳೆಗಾಲದಲ್ಲಿ ನಮ್ಮ ಮನೆಯ ಟೇಬಲ್ ಫ್ಯಾನಿಗೆ ಒಂದೇ ಉದ್ಯೋಗ: ಜಗಲಿಯ ಹಗ್ಗದ ಮೇಲಿನ ಬಟ್ಟೆ ಒಣಗಿಸುವುದು. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊನ್ನೆ ಒದ್ದೆ ಪಂಚೆಯೊಂದು ಜಾರಿ ಅದರ ಕತ್ತಿಗೆ ಬಿಗಿದುಕೊಂಡಿತು. ಬಿಡಿಸಿದ ಮೇಲೂ ರೆಕ್ಕೆ ತಿರುಗಿತು, ಕತ್ತು ಅಲುಗಲಿಲ್ಲ. "ಅರ್ಧ ಬಟ್ಟೆ ಒಣಗುತ್ತದೆ, ಅರ್ಧ ಮುಗ್ಗುತ್ತದೆ" ಎಂದರು ಅಮ್ಮ.

ಪ್ಲಗ್ ಕಿತ್ತು, ಮೋಟರಿನ ಹಿಂದಿನ ಗೇರ್ ಪೆಟ್ಟಿಗೆ ಬಿಚ್ಚಿದೆ. ಗ್ರೀಸ್ ಹಳೆಯ ಜೋನಿ ಬೆಲ್ಲದಂತೆ ಕಂದಾಗಿ ಅಂಟಿತ್ತು. ಮೋಟರಿನ ಉಕ್ಕಿನ ದಂಡದ ತುದಿಯಲ್ಲಿ ಸ್ಕ್ರೂ ಥರದ ವರ್ಮ್. ಅದು ಒಂದು ಸುತ್ತು ಬಂದರೆ ಬಿಳಿ ಪ್ಲಾಸ್ಟಿಕ್ ಗೇರ್ ಒಂದು ಹಲ್ಲು ಮುಂದೆ ಹೋಗುತ್ತದೆ. 40 ಹಲ್ಲುಗಳಲ್ಲಿ ಅಕ್ಕಪಕ್ಕದ ಮೂರು ಬುಡಸಮೇತ ಕಿತ್ತುಬಂದು ಗ್ರೀಸಿನಲ್ಲಿ ಹೂತಿದ್ದವು.

ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಿದೆ. ಬಿಡಿ ಗೇರ್ ಸಿಗಲಿಲ್ಲ, ಹೊಸ ಫ್ಯಾನ್ ಕೊಳ್ಳುವ ಸಲಹೆ ಧಾರಾಳವಾಗಿ ಸಿಕ್ಕಿತು.

ಪುನರ್ವಸು, ಮೊದಲ ವಾರ

ಪ್ಲಾಸ್ಟಿಕ್ ಯಾವುದೆಂದು ತಿಳಿಯದೆ ಅಂಟು ಹಾಕುವುದು ದಂಡ. ಚೊಂಬಿನ ನೀರಿಗೆ ಉಪ್ಪು ಕರಗದೆ ತಳದಲ್ಲಿ ನಿಲ್ಲುವವರೆಗೂ ಸುರಿದು, ಮುರಿದ ಹಲ್ಲೊಂದನ್ನು ಹಾಕಿದೆ. ಸಿಹಿನೀರಿನಲ್ಲಿ ಮುಳುಗಿದ್ದು ಇಲ್ಲಿ ತೇಲಿತು. ಇಂತಹ ಗೇರಿಗೆ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಎರಡು: ನೈಲಾನ್, ಅಸಿಟಾಲ್. ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಅಂತಹ ಉಪ್ಪುನೀರಿನದು ಸುಮಾರು 1.2, ನೈಲಾನಿನದು 1.14, ಅಸಿಟಾಲಿನದು 1.4. ಹಾಗಾಗಿ ಇದು ನೈಲಾನ್. ಅಸಿಟಾಲ್ ಆಗಿದ್ದರೆ ಯಾವ ಅಂಟೂ ಸರಿಯಾಗಿ ಹಿಡಿಯುತ್ತಿರಲಿಲ್ಲ.

ಸೂಪರ್ ಗ್ಲೂ, ಅಡುಗೆ ಸೋಡಾ ಪದರ ಪದರವಾಗಿ ಹಾಕಿ ಹಲ್ಲು ಕಟ್ಟಿದೆ, ಅರದಿಂದ ಉಜ್ಜಿ ಆಕಾರ ಕೊಟ್ಟೆ. ನೋಡಲು ಚೆಂದವಿತ್ತು. ನಲವತ್ತು ನಿಮಿಷ ಬಾಳಿತು. ವರ್ಮ್ ಹಲ್ಲಿನ ಮೇಲೆ ಉರುಳುವುದಿಲ್ಲ, ಜಾರುತ್ತಾ ಉಜ್ಜುತ್ತದೆ. ಗಾಜಿನಂತಹ ಆ ಅಂಟಿಗೆ ಅದನ್ನು ತಡೆಯುವ ತಾಕತ್ತಿಲ್ಲ.

ಆದರೆ ಆ ನಲವತ್ತು ನಿಮಿಷದಲ್ಲೇ ಮುಖ್ಯ ಸಂಗತಿ ಗೊತ್ತಾಯಿತು. ತಿರುಗುತ್ತಿದ್ದ ಕತ್ತನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಗಿಂದ 'ಕಟ ಕಟ' ಕೇಳಬೇಕಿತ್ತು, ಕೇಳಲಿಲ್ಲ. ಕತ್ತು ತಿರುಗಲೆಂದು ಒತ್ತುವ ಮೇಲಿನ ಗುಂಡಿಯ ದಂಡದಲ್ಲಿ ಸ್ಪ್ರಿಂಗ್ ಒತ್ತಿದ ಎರಡು ಪುಟ್ಟ ಉಕ್ಕಿನ ಗುಂಡುಗಳಿರುತ್ತವೆ. ಗೇರಿನ ಒಳಗಿನ ಕಚ್ಚುಗಳಲ್ಲಿ ಕೂತು ಅದನ್ನು ಹಿಡಿದಿರುತ್ತವೆ. ಕತ್ತಿಗೆ ಏನಾದರೂ ಅಡ್ಡ ಬಂದರೆ ಗುಂಡು ಕಚ್ಚಿನಿಂದ ಜಾರಿ ಹಲ್ಲನ್ನು ಕಾಯಬೇಕು. ನಮ್ಮದರಲ್ಲಿ ತುಕ್ಕೂ ಗ್ರೀಸೂ ಸೇರಿ ಗುಂಡುಗಳನ್ನು ಹೂತುಬಿಟ್ಟಿದ್ದವು. ಪಂಚೆಯನ್ನು ಬೈದದ್ದು ಸುಮ್ಮನೆ.

ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ. ಬೆಳಗ್ಗೆ ಬೆರಳಲ್ಲಿ ಒತ್ತಿದರೆ ಗುಂಡುಗಳು ಒಳಹೋಗಿ ಪುಟಿದು ಬಂದವು.

ಪುನರ್ವಸು, ಎರಡನೇ ವಾರ

ಗೇರಿನ ಹೊರವ್ಯಾಸ 33.6 ಮಿಲಿಮೀಟರ್. ಅದನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ) 0.8, ಅಂದರೆ ಹಲ್ಲಿನ ದಪ್ಪ ಸುಮಾರು 1.25. ಹಲ್ಲಿನ ಬದಲು ಪಿನ್ನಾಗಿ ನೆಡಲು ಅದಕ್ಕೆ ಸರಿಯಾಗಿ 1.2ರ ಹಿತ್ತಾಳೆ ತಂತಿ ಹುಡುಕಿದೆ. ಕಾಗದದ ಪಟ್ಟಿಯನ್ನು ಒಳ್ಳೆಯ ಹಲ್ಲುಗಳ ಮೇಲೆ ಸುತ್ತಿ ಉಗುರಿನಿಂದ ಒತ್ತಿದಾಗ ಹಲ್ಲಿನ ಗುರುತು ಮೂಡಿತು. ಅದೇ ಪಟ್ಟಿಯನ್ನು ಬೋಳಾದ ಜಾಗಕ್ಕೆ ಸರಿಸಿ ಸೂಜಿಯಿಂದ ಮೂರು ಚುಕ್ಕೆ ಇಟ್ಟೆ. ಕೈಯಲ್ಲಿ ತಿರುಗಿಸುವ ಡ್ರಿಲ್‌ನಿಂದ 1.1ರ ರಂಧ್ರ ಕೊರೆದು, ತಂತಿಯ ತುಂಡನ್ನು ಕಾಯಿಸಿ ಒತ್ತಿದೆ. ನೈಲಾನ್ ತುಸು ಕರಗಿ, ತಣಿಯುತ್ತಲೇ ಬಿಗಿಯಾಗಿ ಕಚ್ಚಿತು. ಎರಡನೇ ಪಿನ್ ಓರೆಯಾದದ್ದರಿಂದ ಕಿತ್ತು ಮತ್ತೆ ಹಾಕಬೇಕಾಯಿತು.

ಪುಷ್ಯ

ಹನ್ನೊಂದು ದಿನದಿಂದ ತಿರುಗುತ್ತಿದೆ. ಕತ್ತು ಹಿಡಿದರೆ ಕಟಕಟ ಎನ್ನುತ್ತದೆ, ಬಿಟ್ಟರೆ ತಾನೇ ಮುಂದುವರಿಯುತ್ತದೆ. ಒಂದೇ ಕೊರತೆ: ಸುಮಾರು ಎರಡು ಸೆಕೆಂಡಿಗೊಮ್ಮೆ ಸಣ್ಣ 'ಟಕ್'. ನಿಮಿಷಕ್ಕೆ 1300 ಸುತ್ತನ್ನು 40ರಿಂದ ಭಾಗಿಸಿದರೆ ಲೆಕ್ಕ ಸರಿಹೋಗುತ್ತದೆ, ಅದು ಪಿನ್ನುಗಳದ್ದೇ ಸದ್ದು. ನಡುವಿನದು ಕೂದಲೆಳೆಯಷ್ಟು ಎತ್ತರವಿದೆ. ಬಿಚ್ಚಿ ಅರ ಆಡಿಸಬೇಕು. ಬಟ್ಟೆ ಒಣಗುವ ಬಿಸಿಲು ಬರುವವರೆಗೆ ಅಮ್ಮ ಮುಟ್ಟಲು ಬಿಡುವುದಿಲ್ಲ.