ಒಝೆಟ್ ತೀರ, ಮನೆ ಹಿಂದಿನ ಧರೆ

20 ಜುಲೈ 2024, ಶನಿವಾರ ರಾತ್ರಿ, ಫೋರ್ಕ್ಸ್, ವಾಷಿಂಗ್ಟನ್ ರಾಜ್ಯ, ಅಮೆರಿಕ

ಒಝೆಟ್ ಸರೋವರದಿಂದ ಅಲಾವಾ ಭೂಶಿರಕ್ಕೆ ಕಾಡಿನೊಳಗೆ ಸುಮಾರು 5 ಕಿ.ಮೀ., ಅಲ್ಲಿಂದ ಸ್ಯಾಂಡ್ ಪಾಯಿಂಟ್‌ವರೆಗೆ ಕಡಲಂಚಿನಲ್ಲಿ ಇನ್ನೊಂದು 5, ಮತ್ತೆ ಕಾಡಿನಲ್ಲಿ 5. ಕಾಲು ನೋಯುತ್ತಿದೆ, ಆದರೆ ನಿದ್ದೆ ಬಾರದಿರುವುದು ಅದಕ್ಕಲ್ಲ.

ಕಾಡಿನ ಬಗ್ಗೆಯೇ ಬರೆಯಬೇಕೆಂದುಕೊಂಡಿದ್ದೆ. ಸ್ಪ್ರೂಸ್, ಹೆಮ್ಲಾಕ್, ಸೀಡರ್ ಮರಗಳ ನಡುವೆ ಹಲಗೆ ಹಾಸಿದ ದಾರಿ. ಬಿದ್ದು ಕೊಳೆಯುತ್ತಿದ್ದ ಒಂದು ಕಾಂಡದ ಉದ್ದಕ್ಕೂ ಹೆಮ್ಲಾಕ್ ಸಸಿಗಳು ಮಡಿಯಲ್ಲಿ ಬಿತ್ತಿದಂತೆ ಸಾಲಾಗಿ ಎದ್ದಿದ್ದವು. ಪಾಚಿ, ಜರಿಗಿಡ, ತೊಟ್ಟಿಕ್ಕುವ ಮಂಜು ಎಲ್ಲವೂ ನಮ್ಮ ಮಲೆನಾಡಿನ ಕಡೆಯದರಂತೆಯೇ ಕಂಡರೂ ಇಲ್ಲಿ ಇಂಬಳದ (ಜಿಗಣೆಯ) ಕಾಟವಿಲ್ಲ. ಆದರೂ ಅಭ್ಯಾಸಬಲದಿಂದ ಬಗ್ಗಿ ಬಗ್ಗಿ ಕಣಕಾಲು ನೋಡಿಕೊಳ್ಳುತ್ತಲೇ ಇದ್ದೆ.

ಕಾಡು ಮುಗಿದು ಕಡಲು ಕಾಣುವಲ್ಲಿ ಇಲ್ಲಿನ ಮೂಲನಿವಾಸಿಗಳಾದ ಮಕಾ ಜನರ ಒಝೆಟ್ ಎಂಬ ಹಳ್ಳಿಯೊಂದಿತ್ತು. ನೂರಾರು ವರ್ಷಗಳ ಹಿಂದೆ ಹಿಂಬದಿಯ ಇಳಿಜಾರು ಕುಸಿದು ಸೀಡರ್ ಹಲಗೆಯ ಮನೆಗಳನ್ನು ಮುಚ್ಚಿಹಾಕಿತು. ಆ ಮಹಾಕುಸಿತದ ಮಾತು ಮಕಾ ಹಿರಿಯರ ಬಾಯಿಯಲ್ಲಿ ಉಳಿದೇ ಇತ್ತು. 1970ರಲ್ಲಿ ಬಿರುಗಾಳಿಯ ಅಲೆಗಳು ದಂಡೆಯನ್ನು ಕೊರೆದಾಗ ಮನೆಗಳು ಹೊರಗೆ ಕಂಡವು. 1981ರವರೆಗೆ ನಡೆದ ಉತ್ಖನನದಲ್ಲಿ 55,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ನಿಯಾ ಬೇ ಸಂಗ್ರಹಾಲಯದಲ್ಲಿ ಆ ಬುಟ್ಟಿಗಳನ್ನೂ, ನೀರುನಾಯಿಯ ಹಲ್ಲುಗಳನ್ನು ಕೂರಿಸಿ ಸೀಡರ್ ಮರದಲ್ಲಿ ಕೆತ್ತಿದ ತಿಮಿಂಗಿಲದ ಬೆನ್ನುರೆಕ್ಕೆಯನ್ನೂ ಕಳೆದ ವರ್ಷ ನೋಡಿದಾಗ, ಗಾಳಿಯಾಡದ ಕೆಸರು ಎಷ್ಟು ಚೆನ್ನಾಗಿ ಕಾಪಾಡಿದೆ ಎಂದು ಬೆರಗಾಗಿದ್ದೆ. ಇಂದು ಅದೇ ನೆಲದ ಮೇಲೆ ನಿಂತಾಗ ಕಾಪಾಡಿದೆ ಎಂಬ ಮಾತು ಬಾಯಿಗೆ ಬರಲಿಲ್ಲ. ಮೊನ್ನೆ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹಾ ಅಂಗಡಿಯೂ ಅಲ್ಲಿದ್ದ ಸಂಸಾರವೂ ಮಣ್ಣಿನಡಿಯಾದ ಸುದ್ದಿ ನಾಲ್ಕು ದಿನದಿಂದ ತಲೆಯಲ್ಲೇ ಇದೆ.

ವೆಡ್ಡಿಂಗ್ ರಾಕ್ಸ್‌ನ ಬಂಡೆಗಳ ಮೇಲೆ ಕೊರೆದ ತಿಮಿಂಗಿಲಗಳನ್ನು ನೋಡಿದೆವು. ಉಬ್ಬರ ಏರುವ ಮೊದಲು ದಾಟಬೇಕಿದ್ದುದರಿಂದ ಹೆಚ್ಚು ನಿಲ್ಲಲಿಲ್ಲ.

ಫೋನಿಗೆ ಸಿಗ್ನಲ್ ಸಿಕ್ಕಿದ್ದು ರಾತ್ರಿ ಒಂಬತ್ತಕ್ಕೆ. ಅಮ್ಮ ಮೊದಲು ಕೊಳೆರೋಗದ ವಿಷಯವನ್ನೇ ಹೇಳಿದರು. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಲು ಮಳೆ ಬಿಟ್ಟು ಹೊಳವೇ ಆಗುತ್ತಿಲ್ಲವಂತೆ. ಕೊನೆಗೆ, ಮರೆತಿದ್ದವರಂತೆ, “ಹಿಂದಿನ ಧರೆ ಸ್ವಲ್ಪ ಜರಿದಿದೆ ಕಣೇ. ಬಚ್ಚಲ ಹತ್ತಿರ ನಾಲ್ಕು ಬುಟ್ಟಿ ಮಣ್ಣು ಬಂದಿದೆ, ಅಷ್ಟೇ” ಎಂದರು. ನಮ್ಮಲ್ಲಿ ಧರೆ ಎಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬ.

ಇವತ್ತೇ ಚಿಕ್ಕಪ್ಪನ ಮನೆಗೆ ಹೋಗಿ ಎಂದೆ.

“ಕರು ಹಾಕಿದ ದನ ಬಿಟ್ಟು ಎಲ್ಲಿಗೆ ಹೋಗೋದು? ನಿನ್ನ ಅಜ್ಜನ ಕಾಲದಿಂದ ನಿಂತ ಧರೆ ಅದು.”

ನನಗೆ ಸಿಟ್ಟು ಬಂತು, ದನಿ ಏರಿತು. ಅವರು ಬೇಸರಿಸದೆ “ಅಲ್ಲಿ ಚಳಿಯಾ? ಊಟ ಆಯ್ತಾ?” ಎಂದು ಕೇಳಿದರು. ಅಷ್ಟರಲ್ಲಿ ಕರೆ ಕಡಿಯಿತು.

ಧರೆಯ ಮೇಲೆ, ಹಲಸಿನ ಮರದ ಬುಡದಲ್ಲಿ ಬಿರುಕು ಬಿಟ್ಟಿದೆಯೇ ಎಂದು ನಾನು ಕೇಳಲೇ ಇಲ್ಲ. ಬಿರುಕಿದ್ದರೆ ಅದರೊಳಗೆ ನೀರಿಳಿಯದಂತೆ ಟಾರ್ಪಾಲನ್ನಾದರೂ ಹೊದಿಸಬೇಕು. ಅಲ್ಲಿ ಈಗ ಬೆಳಿಗ್ಗೆ ಹತ್ತೂವರೆ, ಅಪ್ಪ ತೋಟದಿಂದ ಬಂದಿರಬಹುದು, ಇನ್ನೊಮ್ಮೆ