ಸಹಿ ಕೇಳುವವರ ಎದೆಯ ಬಿಲ್ಲೆ

ಡೊಂಬಿವಲಿ ಸ್ಟೇಷನ್ ಹೊರಗೆ ಮೇಜು ಹಾಕಿ ಕೂತವರು ಲಕ್ಷ ಸಹಿ ಕೂಡಿಸಿದರೂ ಅದು ಮನವಿಪತ್ರವೇ. ಸರ್ಕಾರ ಓದಿದರೆ ಓದೀತು, ಇಲ್ಲದಿದ್ದರೆ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಸಹಿಯ ತೂಕವೇ ಬೇರೆ. ಗೊತ್ತುಪಡಿಸಿದಷ್ಟು ಮತದಾರರ ಸಹಿ ಸೇರಿದರೆ ವಿಷಯ ನೇರವಾಗಿ ಮತಪತ್ರಕ್ಕೆ ಏರುತ್ತದೆ, ಜನರೇ ಮತ ಹಾಕಿ ಕಾನೂನು ಮಾಡುತ್ತಾರೆ. ಹೀಗಾಗಿ ಹಾಳೆ ಹಿಡಿದು ಬೀದಿಗಿಳಿಯುವವರಿಗೆ ರಾಜ್ಯಗಳು ಕಟ್ಟಳೆ ಹಾಕುತ್ತವೆ. ಅವರು ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಕೋರ್ಟ್ ಹತ್ತುತ್ತಾರೆ.

ಮೊದಲ ದೊಡ್ಡ ತೀರ್ಪು 1988ರ ಮೇಯರ್ ವರ್ಸಸ್ ಗ್ರಾಂಟ್. ಟ್ರಕ್ ಸಾಗಣೆಯನ್ನು ರಾಜ್ಯದ ಆಯೋಗದ ಹಿಡಿತದಿಂದ ಬಿಡಿಸಬೇಕೆಂದು ಹೊರಟವರಿಗೆ ಕೊಲರಾಡೋದಲ್ಲಿ ಆರು ತಿಂಗಳೊಳಗೆ 46,737 ಸಹಿ ಬೇಕಿತ್ತು. ಸಹಿ ಕೂಡಿಸುವವರಿಗೆ ದುಡ್ಡು ಕೊಡುವುದು ಅಲ್ಲಿ ಘೋರ ಅಪರಾಧ. ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ನಿಷೇಧವನ್ನು ತಳ್ಳಿಹಾಕಿತು. ಸಹಿ ಕೇಳುವವರು ಬರೀ ಪೆನ್ನು ಚಾಚುವುದಿಲ್ಲ. ಈ ಬದಲಾವಣೆ ಯಾಕೆ ಬೇಕೆಂದು ದಾರಿಹೋಕರಿಗೆ ಮನವರಿಕೆ ಮಾಡಿಸುತ್ತಾರೆ. ದುಡ್ಡು ನಿಲ್ಲಿಸಿದರೆ ಹಾಗೆ ಮಾತಾಡುವ ಬಾಯಿಗಳೇ ಕಡಿಮೆಯಾಗುತ್ತವೆ. ಖೋಟಾ ಸಹಿ ತಡೆಯಲು ನಿಷೇಧ ಬೇಕೆಂದರೆ, ಅದಕ್ಕೆ ಬೇರೆ ಶಿಕ್ಷೆ ಇದ್ದೇ ಇದೆಯಲ್ಲ?

1999ರ ಬಕ್ಲಿ ತೀರ್ಪು ಇನ್ನೂ ಸೂಕ್ಷ್ಮ. ಮತ್ತದೇ ಕೊಲರಾಡೋ. ಸಹಿ ಕೂಡಿಸುವವರೂ ನೋಂದಾಯಿತ ಮತದಾರರಾಗಿರಬೇಕು, ಎದೆಗೆ ಹೆಸರಿನ ಬಿಲ್ಲೆ ಹಾಕಿಕೊಳ್ಳಬೇಕು, ದುಡ್ಡು ಪಡೆದವರಲ್ಲಿ ಯಾರಿಗೆ ಎಷ್ಟು ಎಂದು ಹೆಸರು ಸಮೇತ ವರದಿ ಕೊಡಬೇಕು ಎಂಬ ಮೂರೂ ಬಿದ್ದವು. ಆದರೆ ಸಹಿ ಕೂಡಿಸಿದವರು ಹೆಸರು, ವಿಳಾಸ ಬರೆದು ಕೊಡುವ ಪ್ರಮಾಣಪತ್ರ (ಅಫಿಡವಿಟ್) ಉಳಿಯಿತು. ಗುಟ್ಟಿರುವುದು ಇಲ್ಲಿಯೇ. ಬಿಲ್ಲೆ ಎದುರಿರುವುದು ಮಾತು ನಡೆಯುವ ಹೊತ್ತಿನಲ್ಲಿ, ಅದೂ ಎದುರಿನವರ ಸಿಟ್ಟು ಕುದಿಯುತ್ತಿರುವಾಗ. ಪ್ರಮಾಣಪತ್ರ ಬರುವುದು ಮಾತು ಮುಗಿದು ಹಾಳೆ ಕಚೇರಿಗೆ ಹೋಗುವಾಗ. ಇಂಥ ಯಾವ ಕಟ್ಟಳೆ ಕಂಡರೂ ನಾನು ಮೊದಲು ನೋಡುವುದು ಅದನ್ನೇ: ಇದು ಬಾಯಿಯನ್ನು ಹಿಡಿಯುತ್ತದೋ, ಹಾಳೆಯನ್ನೋ?

ಈ ಅಳತೆಗೋಲು ಎಲ್ಲ ಕಡೆ ನಡೆಯುವುದಿಲ್ಲ. ಸಹಿಗಿಷ್ಟು ಎಂದು ದರ ಕಟ್ಟಬಾರದೆಂಬ ನಿಯಮ ನಾರ್ತ್ ಡಕೋಟದಲ್ಲಿ 2001ರಲ್ಲೂ ಒರೆಗನ್‌ನಲ್ಲಿ 2006ರಲ್ಲೂ ಮೇಲ್ಮನವಿ ಕೋರ್ಟುಗಳಲ್ಲಿ ನಿಂತಿತು, ಒಹಾಯೋದಲ್ಲಿ 2008ರಲ್ಲಿ ಬಿತ್ತು. ಒಹಾಯೋ ಗಂಟೆ ಲೆಕ್ಕದ ಸಂಬಳ ಬಿಟ್ಟು ಬೇರೆಲ್ಲವನ್ನೂ ಮುಚ್ಚಿತ್ತು, ಮೇಲಿಂದ ಘೋರ ಅಪರಾಧದ ಬೆದರಿಕೆ ಬೇರೆ.

ನಮ್ಮಲ್ಲಿ ಕಾನೂನಿನ ಬಲವಿರುವ ಸಹಿ ಸಿಗುವುದು ನಾಮಪತ್ರದಲ್ಲಿ. ಕಲ್ಯಾಣ್ ಲೋಕಸಭಾ ಕ್ಷೇತ್ರಕ್ಕೆ ಪಕ್ಷೇತರರಾಗಿ ನಿಲ್ಲುವವರಿಗೆ ಅವರ ಹೆಸರು ಸೂಚಿಸಿ ಸಹಿ ಹಾಕುವ ಹತ್ತು ಸೂಚಕರು ಬೇಕು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬರು ಸಾಕು. ಲೋಕಸಭೆಯ ನಾಮಪತ್ರವಾದ ಫಾರಂ 2ಎ ಹಿಡಿದು ಮನೆಮನೆ ಸುತ್ತುವವರು ಯಾರು, ಅವರಿಗೆ ಸಂಬಳ ಎಷ್ಟು ಎಂದು ಆ ಫಾರಂ ಕೇಳುವುದೇ ಇಲ್ಲ. ಹಿಡಿತವೆಲ್ಲ ಸಹಿ ಹಾಕುವವರ ಮೇಲೆ. ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಮಾಟುಂಗದ ಭಾವನವರು ಎಷ್ಟೇ ಹತ್ತಿರದವರಾದರೂ ಅವರ ಹೆಸರು ಕಲ್ಯಾಣ್ ಪಟ್ಟಿಯಲ್ಲಿ ಇಲ್ಲದಿದ್ದರೆ ಆಗದು.

ಎಡವುವುದು ಸಣ್ಣದರಲ್ಲೇ. ಪ್ರತಿ ಸೂಚಕರ ಮುಂದೆ ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಬರೆಯಬೇಕು. ಹಳೆಯ ಪಟ್ಟಿ ನೋಡಿ ಬರೆದರೆ ಎರಡೂ ತಪ್ಪಬಹುದು. ಸಹಿ ತಮ್ಮದಲ್ಲ ಎಂದು ಸೂಚಕರೇ ಹೇಳಿದರೆ ನಾಮಪತ್ರವೇ ಹೋಗುತ್ತದೆ, 2024ರಲ್ಲಿ ಸೂರತ್‌ನಲ್ಲಿ ಆದಂತೆ. ಇನ್ನು ಸಹಿ ಬಾರದ ಅಜ್ಜಿ ಸೂಚಕರಾದರೆ ಮನೆಯಲ್ಲೇ ಹೆಬ್ಬೆಟ್ಟು ಒತ್ತಿಸಿ ತರಬೇಡಿ. ಚುನಾವಣಾಧಿಕಾರಿ ಅಥವಾ ಆಯೋಗ ಗೊತ್ತುಮಾಡಿದ ಅಧಿಕಾರಿಯ ಎದುರೇ ಒತ್ತಬೇಕು. ಕೊನೆಯ ದಿನ ಮಧ್ಯಾಹ್ನ 3 ಗಂಟೆಗೆ ಬಾಗಿಲು ಮುಚ್ಚುತ್ತದೆ, ಅಜ್ಜಿಯನ್ನು ಬೆಳಗ್ಗೆಯೇ ಕರೆದುಕೊಂಡು ಹೋಗಿ.