ಭಾರತಕ್ಕೆ ಸೊನ್ನೆ

ಆಯರ್ಲೆಂಡಿಗೆ ಅರ್ಧ ಅಂಕ ಬಿತ್ತು, ಕೆನಡಾಕ್ಕೆ ಅರ್ಧ ಬಿತ್ತು, ಭಾರತಕ್ಕೆ ಸೊನ್ನೆ. ಗುರುವಾರದಿಂದ ಇದೊಂದೇ ತಲೆಯೊಳಗೆ ಕೊರೆಯುತ್ತಿದೆ. ಇವರು ಎರಡು ದಿನ ಕೇಳಿಸಿಕೊಂಡು, ಮೂರನೇ ದಿನ "ಅರ್ಧ ಅಂಕಕ್ಕೆ ಇಷ್ಟು ರಾದ್ಧಾಂತವಾ?" ಅಂದರು. ಅವರಿಗೆ ಹೇಳಿ ಪ್ರಯೋಜನವಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವ ವ್ರೊತ್ಸ್ವಾಫ್‌ನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಸ್ಪರ್ಧೆ ಇತ್ತು. ಭಾಷೆಯ ಜೊತೆಗೆ ಇಂಗ್ಲಿಷ್ ಮಾತಾಡುವ ದೇಶಗಳ ಬಗ್ಗೆ ಸಾಮಾನ್ಯ ಜ್ಞಾನ. ಪೋಲೆಂಡಿನಲ್ಲಿ ಇಂಥ ಸ್ಪರ್ಧೆಗಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಲ್ಲಿನ 16 ಪ್ರಾಂತ್ಯಗಳಲ್ಲೂ ಶಿಕ್ಷಣ ಇಲಾಖೆಯೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಷಯವಾರು ಸ್ಪರ್ಧೆ ಇಡುತ್ತದೆ. ಅದರಲ್ಲಿ ಗೆದ್ದ ಮಗುವಿಗೆ ಎಂಟನೇ ತರಗತಿಯ ಪರೀಕ್ಷೆಯಲ್ಲಿ ಆ ವಿಷಯಕ್ಕೆ ನೂರಕ್ಕೆ ನೂರು ಕೊಟ್ಟುಬಿಡುತ್ತಾರೆ, ಬೇಕಾದ ಹೈಸ್ಕೂಲಿನಲ್ಲಿ ಸೀಟೂ ಖಾತ್ರಿ. ನಾನು ಹೋಗಿದ್ದು ಬರೀ ಶಾಲೆಯ ಮಟ್ಟದ್ದು, ಬಹುಮಾನ ಒಂದಿಷ್ಟು ಪುಸ್ತಕ ಮತ್ತು ಮಗ್ ಅಷ್ಟೇ. ಆದರೂ ಮಕ್ಕಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಪರೀಕ್ಷೆಗೆ ಬಿಳಿ ಅಂಗಿ ಇಲ್ಲಿನ ಸಂಪ್ರದಾಯ.

ನನ್ನನ್ನು ಕರೆದದ್ದು ನಾನು ವಿದ್ವಾಂಸೆ ಅಂತಲ್ಲ. ತೀರ್ಪುಗಾರರಲ್ಲಿ ಒಬ್ಬರಾದರೂ ಹೊರಗಿನವರು ಇರಲಿ, ಮಕ್ಕಳು ಕಷ್ಟ ಬಂದಾಗ ಪೋಲಿಷ್‌ಗೆ ಜಾರದೆ ಇಂಗ್ಲಿಷ್‌ನಲ್ಲೇ ಒದ್ದಾಡಲಿ ಅನ್ನುವುದು ಟೀಚರ್ ಲೆಕ್ಕ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಅಂಗಡಿ ಇಟ್ಟ ಮಾವನ ಸೊಸೆ ಕಣೇ ನೀನು, ನೀನು ಬಿಳಿಯರಿಗೆ ಇಂಗ್ಲಿಷ್ ಪರೀಕ್ಷೆ ಮಾಡ್ತೀಯಾ!" ಅಂತ ನಕ್ಕಿದ್ದೇ ನಕ್ಕಿದ್ದು.

ತೀರ್ಪುಗಾರರು ಮೂವರು. ಇಂಗ್ಲಿಷ್ ಟೀಚರ್, ಭೂಗೋಳದ ಮೇಷ್ಟ್ರು, ನಾನು. ಮೇಷ್ಟ್ರ ಬಗ್ಗೆ ಹೇಳುವುದೇನೂ ಇಲ್ಲ. ತಟ್ಟೆಯಲ್ಲಿದ್ದ ಪೊಂಚ್ಕಿಗಳನ್ನು (ಒಳಗೆ ಗುಲಾಬಿ ಜಾಮ್ ತುಂಬಿ ಕರಿದ ದುಂಡನೆಯ ತಿಂಡಿ) ಒಂದೊಂದಾಗಿ ಮುಗಿಸಿದರು, ಯಾವ ವಿವಾದಕ್ಕೂ ತಲೆ ಹಾಕಲಿಲ್ಲ. ಭಾರತ ಎಲ್ಲಿದೆ, ಅಲ್ಲಿ ಏನು ಭಾಷೆ ಅಂತ ಆ ಕೋಣೆಯಲ್ಲಿ ಹೇಳಬೇಕಾದವರು ನಿಜವಾಗಿ ಅವರೇ.

ಮೊದಲು ಬರೆಯುವ ಸುತ್ತು. ಅಮೆರಿಕದ ಬಾವುಟದಲ್ಲಿ ಎಷ್ಟು ಪಟ್ಟಿ, ನ್ಯೂಜಿಲೆಂಡಿನ ರಾಜಧಾನಿ ಯಾವುದು, ವೇಲ್ಸ್‌ನ ಪೋಷಕ ಸಂತ ಯಾರು, ಮ್ಯಾಗ್ನಾ ಕಾರ್ಟಾ ಯಾವ ವರ್ಷದ್ದು, ಹೀಗೆ. ಈ ಮಕ್ಕಳು 1 ಬರೆಯುವಾಗ ಮೇಲಿಂದ ಉದ್ದನೆಯ ಬಾಲ ಇಳಿಸುತ್ತಾರೆ, ನಮ್ಮ ಕಣ್ಣಿಗೆ ಅದು 7. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ಹಾಗಾಗಿ 1215 ಅಂತ ಸರಿಯಾಗಿ ಬರೆದವರದ್ದೆಲ್ಲ ನನಗೆ 7275 ಅಂತ ಕಾಣುತ್ತಿತ್ತು. ವ್ಯಾಕರಣದ ಭಾಗದಲ್ಲಿ ಎಲ್ಲರೂ ಒಂದೇ ಗುಂಡಿಗೆ ಬಿದ್ದಿದ್ದರು, 'ಎ' ಎಲ್ಲಿ, 'ದ' ಎಲ್ಲಿ. ಪೋಲಿಷ್‌ನಲ್ಲಿ ಅವೆರಡೂ ಇಲ್ಲ, ಕನ್ನಡದಲ್ಲೂ ಇಲ್ಲ. ಬದಲಿಗೆ ಇಬ್ಬರಿಗೂ ವಿಭಕ್ತಿ ಬೇಕಾದಷ್ಟಿದೆ. ಆ ಪುಟ ತಿದ್ದುವಾಗ ನನಗೆ ಟೀಚರ್‌ಗಿಂತ ಮಕ್ಕಳ ಮೇಲೇ ಅನುಕಂಪ ಜಾಸ್ತಿ ಇತ್ತು.

ಆಮೇಲೆ ಬಂತು ಆ ಪ್ರಶ್ನೆ. ಇಂಗ್ಲಿಷ್ ಅಧಿಕೃತ ಭಾಷೆಯಾಗಿರುವ ಆರು ದೇಶಗಳನ್ನು ಬರೆಯಿರಿ, ಒಂದೊಂದಕ್ಕೆ ಅರ್ಧ ಅಂಕ. ಟೀಚರ್ ಕೈಯಲ್ಲಿದ್ದ ಉತ್ತರದ ಹಾಳೆಯಲ್ಲಿ ಇದ್ದದ್ದೂ ಆರೇ ಹೆಸರು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಆಯರ್ಲೆಂಡ್. ಮುಕ್ಕಾಲು ಪಾಲು ಮಕ್ಕಳು ಅದನ್ನೇ ಬರೆದಿದ್ದರು. ಒಬ್ಬಳ ಹಾಳೆಯಲ್ಲಿ ಮಾತ್ರ ಹೀಗಿತ್ತು: ಆಯರ್ಲೆಂಡ್, ಮಾಲ್ಟಾ, ಕೆನಡಾ, ಭಾರತ, ನೈಜೀರಿಯಾ, ಸಿಂಗಾಪುರ.

"ನೋಡಿ, ಇವಳು ಇಂಗ್ಲೆಂಡನ್ನೇ ಮರೆತಿದ್ದಾಳೆ" ಅಂತ ಟೀಚರ್ ನಕ್ಕರು. ಆಯರ್ಲೆಂಡಿಗೆ ಸರಿ ಗುರುತು. ಮಾಲ್ಟಾಕ್ಕೆ ಗೀಟು. ಕೆನಡಾಕ್ಕೆ ಸರಿ. ಭಾರತದ ಹತ್ತಿರ ಬಂದಾಗ ಪೆನ್ನು ನಿಂತಿತು. ಪಕ್ಕದಲ್ಲಿ ನಾನು ಕೂತಿದ್ದೇನಲ್ಲ. ಪೆನ್ನನ್ನು ಎತ್ತಿದ ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?"

"ಕನ್ನಡ."

"ಮತ್ತೆ?" ಅಂದು ಗೀಟು ಎಳೆದರು.

ಪ್ರಶ್ನೆಯಲ್ಲಿ ಕೇಳಿರುವುದು ಮನೆಭಾಷೆಯಲ್ಲ, ಅಧಿಕೃತ ಭಾಷೆ ಅಂತ ನಾನು ಹೇಳದೆ ಇರಲಿಲ್ಲ. "ಉತ್ತರದ ಹಾಳೆ ಎಲ್ಲರಿಗೂ ಒಂದೇ ಆಗಿರಬೇಕು" ಅಂದರು. ಮೇಷ್ಟ್ರು ಬೆರಳಿಗೆ ಅಂಟಿದ ಸಕ್ಕರೆ ಒರೆಸಿಕೊಂಡರು. ನೈಜೀರಿಯಾಕ್ಕೂ ಸಿಂಗಾಪುರಕ್ಕೂ ಆಗಲೇ ಗೀಟು ಬಿದ್ದಾಗಿತ್ತು. ಮೂರಕ್ಕೆ ಒಂದು.

ಆ ಹುಡುಗಿ ಮಧ್ಯಾಹ್ನ ಮಾತಿನ ಸುತ್ತಿಗೆ ಬಂದಳು. ಅದು ಇಲ್ಲಿನ ಮತುರಾ (ಹೈಸ್ಕೂಲು ಮುಗಿಸುವಾಗಿನ) ಪರೀಕ್ಷೆಯ ಮಾದರಿಯದ್ದೇ. ಮೊದಲು ಒಂದು ಸನ್ನಿವೇಶದ ಸಂಭಾಷಣೆ, ಆಮೇಲೆ ಚಿತ್ರ ನೋಡಿ ವಿವರಣೆ, ಕೊನೆಗೆ ಎರಡು ಮೂರರಲ್ಲಿ ಒಂದನ್ನು ಆರಿಸಿ ಯಾಕೆ ಅಂತ ಸಮರ್ಥನೆ. ಚೆನ್ನಾಗಿಯೇ ಮಾತಾಡಿದಳು. ಎಲ್ಲ ಮುಗಿದ ಮೇಲೆ ನಾನು ತಡೆಯಲಾರದೆ, ಬ್ರಿಟನ್ ಯಾಕಮ್ಮ ಬರೆಯಲಿಲ್ಲ ಅಂತ ಕೇಳಿದೆ.

"ನೀವು ಅಧಿಕೃತ ಅಂತ ಕೇಳಿದ್ದಿರಿ. ಅಲ್ಲಿ ಹಾಗಂತ ಕಾನೂನೇ ಇಲ್ಲವಲ್ಲ" ಅಂದಳು, ನನಗೇ ಪಾಠ ಹೇಳುವ ಹಾಗೆ. ಭಾರತ ಹೇಗೆ ಹೊಳೆಯಿತು ಅಂದದ್ದಕ್ಕೆ, "ಅಪ್ಪನ ಟೀಮ್ ಬೆಂಗಳೂರಿನಲ್ಲಿದೆ. ನಮ್ಮನೆಯಲ್ಲಿ ಇಂಗ್ಲಿಷ್ ಕೇಳಿಸುವುದು ಅಪ್ಪ ಅವರ ಜೊತೆ ಮಾತಾಡುವಾಗ ಮಾತ್ರ" ಅಂದಳು. ಟೀಚರ್ ಏನೋ ಬರೆದುಕೊಳ್ಳುತ್ತಿದ್ದರು, ಕೇಳಿಸಿತೋ ಇಲ್ಲವೋ.

ರಾತ್ರಿ ಮನೆಗೆ ಬಂದು ಕೂತು ಹುಡುಕಿದೆ. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಬ್ರಿಟನ್ನಿನಲ್ಲಿ ಇಂಗ್ಲಿಷೇ ಅಧಿಕೃತ ಭಾಷೆ ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇಲ್ಲ, ರೂಢಿಯಲ್ಲಿ ನಡೆದುಕೊಂಡು ಬಂದಿದೆ. ಆಸ್ಟ್ರೇಲಿಯಾದ್ದೂ ಅದೇ ಕಥೆ. ಅಮೆರಿಕಕ್ಕೆ ರಾಷ್ಟ್ರಮಟ್ಟದಲ್ಲಿ ಅಧಿಕೃತ ಭಾಷೆ ಅಂತ ಒಂದು ಬಂದದ್ದೇ 2025ರ ಮಾರ್ಚ್‌ನಲ್ಲಿ, ಅದೂ ಅಧ್ಯಕ್ಷರ ಆದೇಶದಿಂದ. ನ್ಯೂಜಿಲೆಂಡಿನಲ್ಲಿ ಮೊದಲು ಕಾನೂನಿನ ಮುದ್ರೆ ಬಿದ್ದದ್ದು ಮಾವೊರಿ ಭಾಷೆಗೆ, 1987ರಲ್ಲಿ. ಆಯರ್ಲೆಂಡಿನ ಸಂವಿಧಾನದ ಪ್ರಕಾರ ಐರಿಷ್ ಮೊದಲನೇ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಅತ್ತ ಮಾಲ್ಟಾದ ಸಂವಿಧಾನದಲ್ಲಿ ಮಾಲ್ಟೀಸ್ ಜೊತೆಗೆ ಇಂಗ್ಲಿಷ್ ಸ್ಪಷ್ಟವಾಗಿ ಇದೆ. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳಿನ ಜೊತೆ ಇಂಗ್ಲಿಷೂ ಇದೆ. ನಮ್ಮಲ್ಲಿ ಸಂವಿಧಾನ ಹಿಂದಿಯ ಜೊತೆ ಇಂಗ್ಲಿಷ್‌ಗೆ ಕೊಟ್ಟದ್ದು 15 ವರ್ಷದ ವಾಯಿದೆ. ಅದು ಮುಗಿಯುವ ಮೊದಲೇ 1963ರ ಕಾಯಿದೆ ಬಂದು ಇಂಗ್ಲಿಷ್ ಉಳಿಯಿತು. ಲೆಕ್ಕ ಇಟ್ಟು ನೋಡಿದರೆ ಉತ್ತರದ ಹಾಳೆಯೇ ತಪ್ಪು, ಹುಡುಗಿಯ ಹಾಳೆ ಸರಿ.

ಹಾಗಂತ ಟೀಚರ್ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. 2011ರ ಜನಗಣತಿಯಲ್ಲಿ ಇಂಗ್ಲಿಷ್ ನನ್ನ ಮಾತೃಭಾಷೆ ಅಂತ ಬರೆಸಿದ ಭಾರತೀಯರು ಬರೀ 2.6 ಲಕ್ಷ. ಎರಡನೇ, ಮೂರನೇ ಭಾಷೆಯಾಗಿ ಬರುತ್ತದೆ ಅಂದವರನ್ನೂ ಸೇರಿಸಿದರೆ ಸುಮಾರು 12.9 ಕೋಟಿ. ಅದು ಪೋಲೆಂಡಿನ ಒಟ್ಟು ಜನಸಂಖ್ಯೆಯ ಮೂರು ಪಟ್ಟಿಗೂ ಹೆಚ್ಚು, ನಮ್ಮ ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತೋ ಹನ್ನೊಂದೋ. ಇನ್ನು ಬ್ರಿಟಿಷ್ ಸರ್ಕಾರವೇ ವೀಸಾಕ್ಕೆ ಅಂತ ಇಂಗ್ಲಿಷ್ ಬಲ್ಲ ದೇಶಗಳ ಪಟ್ಟಿ ಇಟ್ಟುಕೊಂಡಿದೆ. ಜಮೈಕಾ ಇದೆ, ಮಾಲ್ಟಾ ಇದೆ, ಭಾರತ ಇಲ್ಲ. ಕೆಲಸದ ವೀಸಾಕ್ಕೆ ನಮ್ಮವರು ಪರೀಕ್ಷೆ ಬರೆದೋ, ಓದಿದ್ದೇ ಇಂಗ್ಲಿಷಿನಲ್ಲಿ ಅಂತ ಕಾಗದ ತಂದೋ ಸಾಬೀತು ಮಾಡಬೇಕು. ಇನ್ನೂರು ವರ್ಷ ನಮ್ಮ ಮೇಲೆ ಇಂಗ್ಲಿಷಿನಲ್ಲಿ ದರ್ಬಾರು ಮಾಡಿದವರೇ ಈಗ ನಿಮಗೆ ಇಂಗ್ಲಿಷ್ ಬರುತ್ತಾ ಅಂತ ಕೇಳುವಾಗ, ಈ ಟೀಚರಮ್ಮನ ಗೀಟು ಯಾವ ದೊಡ್ಡ ಮಾತು.

ಆದರೂ "ಮತ್ತೆ?" ಅನ್ನುವ ಆ ಒಂದು ಮಾತು ಚುಚ್ಚುತ್ತದೆ. ನಿಮ್ಮ ಮನೆಯಲ್ಲಿ ಯಾವ ಭಾಷೆ. ಕನ್ನಡ. ಮತ್ತೆ? ಮನೆಯಲ್ಲಿ ಕನ್ನಡ ಇದೆ ಅನ್ನುವುದು ಹೆಮ್ಮೆಯಿಂದ ಹೇಳಿದ ಉತ್ತರ. ಅದೇ ಉತ್ತರ ಆ ಹುಡುಗಿಯ ಅರ್ಧ ಅಂಕ ತಿಂದಿತು.

ಟೀಚರ್ ಕೆಟ್ಟವರಲ್ಲ. ಅವರ ತಲೆಮಾರಿಗೆ ಶಾಲೆಯಲ್ಲಿ ರಷ್ಯನ್ ಕಡ್ಡಾಯ. ಇಷ್ಟ ಇದ್ದರೂ ಇಲ್ಲದಿದ್ದರೂ ಓದಬೇಕು, ಓದಿ ಮರೆಯಬೇಕು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬದಲಾದ ಮೇಲೆ ಆ ಕಡ್ಡಾಯ ಹೋಯಿತು, ಎಲ್ಲರಿಗೂ ಇಂಗ್ಲಿಷ್ ಬೇಕಾಯಿತು, ಕಲಿಸುವವರೇ ಇರಲಿಲ್ಲ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1990ರಿಂದ 2001ರವರೆಗೆ ಇಲ್ಲಿದ್ದರು, ಅವರಲ್ಲಿ ಬಹಳ ಮಂದಿ ಇಂಗ್ಲಿಷ್ ಕಲಿಸಲೆಂದೇ ಬಂದವರು. ನಮ್ಮ ಟೀಚರ್ ಇಂಗ್ಲಿಷ್ ಕಲಿತದ್ದು ಅಂಥ ಒಬ್ಬ ಅಮೆರಿಕನ್ ಹುಡುಗಿಯ ಹತ್ತಿರ. ಆಮೇಲೆ ದುಡ್ಡು ಕೂಡಿಸಿ ಬಸ್ಸಿನಲ್ಲಿ ಲಂಡನ್ನಿಗೆ ಹೋದರಂತೆ, ಒಂದು ಹಗಲು ಒಂದು ರಾತ್ರಿಯ ದಾರಿ. ಅದನ್ನು ಹೇಳುವಾಗ ಕಣ್ಣು ಅರಳುತ್ತದೆ. ಅವರ ಇಂಗ್ಲೆಂಡು ಕೆಂಪು ಬಸ್ಸು, ರಾಣಿ, ಹಾಲು ಹಾಕಿದ ಚಹಾ. (ಚಹಾಕ್ಕೆ ಹಾಲು ಅಂದರೆ ಇಲ್ಲಿನವರು ಇಂದಿಗೂ ಮುಖ ಸಿಂಡರಿಸುತ್ತಾರೆ. ಇವರೊಬ್ಬರೇ ಹಾಕಿಕೊಳ್ಳುವುದು.) ಬಲವಂತವಿಲ್ಲದೆ ತಾವಾಗಿ ಆರಿಸಿಕೊಂಡ ಭಾಷೆ. ಅದರ ಮೇಲಿನ ಪ್ರೀತಿಯಲ್ಲೇ ಆ ಪ್ರಶ್ನೆಪತ್ರಿಕೆ ಬರೆದಿದ್ದಾರೆ. ಬರೆದು ಎಷ್ಟು ವರ್ಷವಾಯಿತೋ, ಹಾಗೇ ಜೆರಾಕ್ಸ್ ಆಗುತ್ತಾ ಬಂದಿದೆ.

ಅಷ್ಟರಲ್ಲಿ ಹೊರಗಿನ ಇಂಗ್ಲಿಷ್ ಪ್ರಪಂಚ ಬೇರೆಯದೇ ಆಗಿಹೋಯಿತು. ಸ್ಪರ್ಧೆಗೆ ಬಂದಿದ್ದ ಇನ್ನೊಬ್ಬ ಹುಡುಗನನ್ನೇ ನೋಡಿ. ಹುಟ್ಟಿದ್ದು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ. ಬ್ರೆಕ್ಸಿಟ್ ಆದಮೇಲೆ ಅಪ್ಪ ಅಮ್ಮ ವಾಪಸ್ ಬಂದರು. ಅವನ ಇಂಗ್ಲಿಷ್ ಮುಂದೆ ನಾವು ಮೂವರು ತೀರ್ಪುಗಾರರೂ ಬಾಯಿ ಮುಚ್ಚಿಕೊಂಡು ಕೂರಬೇಕು. ಆದರೆ ಬರೆಯುವ ಸುತ್ತಿನಲ್ಲಿ ವೇಲ್ಸ್‌ನ ಸಂತ ಗೊತ್ತಿಲ್ಲ, ಮ್ಯಾಗ್ನಾ ಕಾರ್ಟಾ ಗೊತ್ತಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವನಿಗೆ ಇಂಗ್ಲೆಂಡಿನ ಸಂಸ್ಕೃತಿಯಲ್ಲಿ ಅರ್ಧಕ್ಕಿಂತ ಕಡಿಮೆ ಅಂಕ! ಅವನ ಇಂಗ್ಲೆಂಡಿನಲ್ಲಿ ಪೋಲಿಷ್ ಅಂಗಡಿ ಇತ್ತು, ಭಾನುವಾರ ಪೋಲಿಷ್‌ನಲ್ಲಿ ಪ್ರಾರ್ಥನೆ ಇತ್ತು, ಪಕ್ಕದ ಮನೆಯವರು ಪಂಜಾಬಿಗಳು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲಿಷ್ ಮುಖ್ಯ ಭಾಷೆಯಾಗಿರುವವರು 6.12 ಲಕ್ಷ, ಇಂಗ್ಲಿಷ್ ಬಿಟ್ಟರೆ ಅದೇ ದೊಡ್ಡದು. ಇದನ್ನೊಂದು ಪ್ರಶ್ನೆ ಮಾಡಬಹುದಲ್ಲ ಅಂದೆ. "ಅದು ನಮ್ಮ ವಿಷಯ, ಇಂಗ್ಲೆಂಡಿನ ವಿಷಯ ಅಲ್ಲ" ಅಂದರು ಟೀಚರ್. ಆಸ್ಟ್ರೇಲಿಯಾದ ಅತಿ ಎತ್ತರದ ಶಿಖರಕ್ಕೆ ಪೋಲಿಷ್ ಸೇನಾನಿ ಕೊಶ್ಚುಷ್ಕೊ ಹೆಸರಿದೆ, 1840ರಲ್ಲಿ ಹಾಗೆ ಹೆಸರಿಟ್ಟವರೂ ಪೋಲಿಷ್‌ನವರೇ. ಆ ಪ್ರಶ್ನೆ ಮಾತ್ರ ಪತ್ರಿಕೆಯಲ್ಲಿತ್ತು, ಅದಕ್ಕೆ ಎರಡು ಅಂಕ ಬೇರೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಶುಕ್ರವಾರ, ಟ್ರಾಮಿನಲ್ಲಿ ಕೂತಾಗ. ಸ್ಪರ್ಧೆಯ ದಿನ ಚಹಾ ಕುಡಿಯುತ್ತಾ ಟೀಚರ್ ತಾವಾಗಿ ಒಂದು ಕಥೆ ಹೇಳಿದ್ದರು. ಪೊಜ್ನಾನ್ ಹತ್ತಿರ ವ್ಜೆಶ್ನ್ಯಾ ಅಂತ ಒಂದು ಊರು. ಆಗ ಪೋಲೆಂಡ್ ಅನ್ನುವ ದೇಶವೇ ಇರಲಿಲ್ಲ, ಆ ಭಾಗ ಜರ್ಮನ್ನರ ಪ್ರಶ್ಯದ ಕೈಯಲ್ಲಿ. 1901ರಲ್ಲಿ ಅಲ್ಲಿನ ಶಾಲೆಯಲ್ಲಿ ಧರ್ಮದ ಪಾಠವನ್ನೂ ಜರ್ಮನ್‌ನಲ್ಲೇ ಮಾಡಿದಾಗ ಮಕ್ಕಳು ಜರ್ಮನ್‌ನಲ್ಲಿ ಉತ್ತರ ಹೇಳುವುದಿಲ್ಲ ಅಂತ ಪಟ್ಟು ಹಿಡಿದರು, ಬೆತ್ತದ ಏಟು ತಿಂದರು. ಇದನ್ನು ಹೇಳುವಾಗ ಅವರ ಧ್ವನಿ ಗಟ್ಟಿಯಾಗಿತ್ತು, ನಾನೂ ತಲೆದೂಗಿದ್ದೆ.

ಟ್ರಾಮಿನಲ್ಲಿ ಹೊಳೆಯಿತು. ಆ ಮಕ್ಕಳ ಮನೆಯಲ್ಲಿ ಯಾವ ಭಾಷೆ? ಪೋಲಿಷ್. ಅಲ್ಲಿನ ಅಧಿಕೃತ ಭಾಷೆ? ಜರ್ಮನ್. ಮನೆಯದು ಒಂದು, ಸರ್ಕಾರದ್ದು ಇನ್ನೊಂದು ಅನ್ನುವುದನ್ನು ಚಹಾ ಜೊತೆ ಕಥೆಯಾಗಿ ಹೇಳಬಲ್ಲ ಈ ಮಹಾತಾಯಿ, ನನ್ನನ್ನು ನಿಮ್ಮ ಮನೆಯಲ್ಲಿ ಯಾವ ಭಾಷೆ ಅಂತ ಕೇಳಿ ಗೀಟು ಎಳೆದರಲ್ಲ! ಪಕ್ಕದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಬಹುಶಃ ಜೋರಾಗಿಯೇ ಅಂದುಬಿಟ್ಟಿದ್ದೆ, ಅದೂ ಕನ್ನಡದಲ್ಲಿ.

ಅವತ್ತೇ ಟೀಚರ್‌ಗೆ ಮೇಲ್ ಬರೆದೆ. ಆಯರ್ಲೆಂಡಿನ ಸಂವಿಧಾನ, ಮಾಲ್ಟಾ, ನಮ್ಮ 1963ರ ಕಾಯಿದೆ, ಕೊನೆಗೆ ವ್ಜೆಶ್ನ್ಯಾ. ಇವರು ಓದಿ, "ಆ ಕೊನೆಯದು ಬೇಡ ಕಣೇ, ನೊಂದುಕೊಳ್ತಾರೆ" ಅಂದರು. ನಾನು ತೆಗೆಯದೆ ಹಾಗೇ ಕಳಿಸಿದೆ.

ಭಾನುವಾರ ರಾತ್ರಿ ಉತ್ತರ ಬಂತು. ನೀವು ವ್ಜೆಶ್ನ್ಯಾ ಎತ್ತಿದ ಮೇಲೆ ನನಗೆ ಬಾಯಿ ಇಲ್ಲದ ಹಾಗಾಯಿತು, ಆದರೆ ಪ್ರಮಾಣಪತ್ರಗಳೆಲ್ಲ ಮುದ್ರಣವಾಗಿ ಹಂಚಿಯಾಗಿದೆ ಅಂತ ಬರೆದಿದ್ದರು. ಹುಡುಗಿ ನಾಲ್ಕನೆಯ ಸ್ಥಾನದಲ್ಲಿದ್ದಳು, ಆ ಎರಡು ಅಂಕ ಸಿಕ್ಕಿದ್ದರೂ ಎರಡನೆಯದಕ್ಕೆ ಮುಟ್ಟುತ್ತಿರಲಿಲ್ಲ, ಮೂರನೆಯದಕ್ಕೆ ಮುಟ್ಟುತ್ತಿದ್ದಳು. ಅವಳನ್ನು ಕರೆದು ಮಾತಾಡುತ್ತಾರಂತೆ, ಒಂದು ಮಗ್ ಉಳಿದಿದೆಯಂತೆ. ಮುಂದಿನ ವರ್ಷದ ಪತ್ರಿಕೆ ಹೊಸದಾಗಿ ಬರೆಯಬೇಕು, ಅಷ್ಟು ಗೊತ್ತಿದ್ದರೆ ನೀವೇ ಬರೆದುಕೊಡಿ ಅಂದಿದ್ದಾರೆ. ಒಂದೇ ಷರತ್ತು, ಭಾರತದ ಬಗ್ಗೆ ಎರಡಕ್ಕಿಂತ ಹೆಚ್ಚು ಪ್ರಶ್ನೆ ಬೇಡ.

ನಾನು ಮೂರು ಕೇಳಿದ್ದೇನೆ.